ಕೆಂಪು ಶಾಯಿಯ ಸಾಲು

"ಅಕ್ಕಾ, ನಾನು ವಾಣಿ. ಬಾಗಿಲು ತೆಗೀರಿ."

ಒಳಗಿನಿಂದ ಉತ್ತರವಿಲ್ಲ. ವಾಣಿ ಇನ್ನೊಮ್ಮೆ ಬಡಿದಳು. ನೀಮಾ ಅಕ್ಕನ ನೀಲಿ ಹವಾಯಿ ಚಪ್ಪಲಿಗಳು ಹೊರಗೇ ಇದ್ದವು. ಕಿಟಕಿ ಸಂದಿಯಿಂದ ರೇಡಿಯೋ ಕೇಳಿಸುತ್ತಿತ್ತು. ಅಂದರೆ ಅಕ್ಕ ಒಳಗೇ ಇದ್ದಾಳೆ. ಇದ್ದೂ ಬಾಗಿಲು ತೆಗೆಯುತ್ತಿಲ್ಲ.

"ಅಮ್ಮ ಮೆಣಸಿನಕಾಯಿ ಬಜ್ಜಿ ಕರ್ದಾಳೆ. ಇನ್ನೂ ಬಿಸಿ ಅದಾವೆ."

ರೇಡಿಯೋ ಬಂದ್ ಆಯಿತು. ನೀಮಾ ಅಕ್ಕನ ದನಿ ಬಂತು. "ನನಗೆ ಓದು ಐತೆ. ನೀವು ಹೋಗ್ರಿ."

ವಾಣಿ ಮೆಟ್ಟಿಲ ಮೇಲೆ ಕುಳಿತು ತಟ್ಟೆಯಲ್ಲಿದ್ದ ಎರಡು ಮೆಣಸಿನಕಾಯಿಯನ್ನೂ ತಾನೇ ತಿಂದಳು. ಹಸಿವಿಗಲ್ಲ, ದುಃಖಕ್ಕೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂದದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ನಂಬಿಕೆ ಬರಲಿಲ್ಲ.

ನೀಮಾ ತಾಂಜಾನಿಯಾ ದೇಶದವಳು. ದಾವಣಗೆರೆಗೆ ಡಾಕ್ಟರ್ ಓದಲು ಬಂದವಳು. ವಾಣಿಯ ಅಜ್ಜ ಶಿವಯೋಗಪ್ಪ ಮಹಡಿಯ ಮೇಲಿನ ರೂಮನ್ನು ಅವಳಿಗೆ ಬಾಡಿಗೆಗೆ ಕೊಟ್ಟು ಮೂರು ವರ್ಷವಾಗಿತ್ತು. ಅವಳು ಕನ್ನಡ ಕಲಿತದ್ದು ಆಸ್ಪತ್ರೆಯ ವಾರ್ಡಿನಲ್ಲಿ, ರೋಗಿಗಳ ಹತ್ತಿರ. ಅದಕ್ಕೇ ಎಲ್ಲರನ್ನೂ ರೋಗಿಗಳಂತೆಯೇ ಮಾತಾಡಿಸುತ್ತಿದ್ದಳು. ಹನ್ನೊಂದು ವರ್ಷದ ವಾಣಿಗೂ "ಬರ್ರಿ, ಕೂಡ್ರಿ" ಎನ್ನುವಳು. ಬೀದಿ ನಾಯಿಗೂ "ಆ ಕಡೆ ತಿರುಗ್ರಿ" ಎನ್ನುವಳು.

ದಿನಾ ಸಂಜೆ ಕೆಳಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹರಟುತ್ತಿದ್ದವಳು, ವಾಣಿಯ ಜೊತೆ ಕೇರಂ ಆಡುತ್ತಿದ್ದವಳು ಅವಳು. ಈಗ ಹತ್ತು ದಿನದಿಂದ ಬಂದಿಲ್ಲ. ಮೊದಲು ಪರೀಕ್ಷೆ ಎಂದಳು. ಆಮೇಲೆ ತಲೆನೋವು ಎಂದಳು. ಇವತ್ತು ಓದು. ವಾಣಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ಇದೆಲ್ಲ ಶುರುವಾದದ್ದು ಶಾಲೆಯ ಭಾಷಣ ಸ್ಪರ್ಧೆಯ ಮರುದಿನದಿಂದ.

ಆ ಸ್ಪರ್ಧೆಯಲ್ಲಿ ವಾಣಿಗೆ ಮೊದಲ ಬಹುಮಾನ ಬಂದಿತ್ತು. ವಿಷಯ, "ನಾನು ಮೆಚ್ಚಿದ ವ್ಯಕ್ತಿ." ಎಲ್ಲರೂ ದೇಶಭಕ್ತರ ಬಗ್ಗೆ ಮಾತಾಡಿದರೆ ವಾಣಿ ಮಾತಾಡಿದ್ದು ನೀಮಾ ಅಕ್ಕನ ಬಗ್ಗೆ. ಅಕ್ಕನನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವತ್ತು ಅಮ್ಮ ನಿರ್ಮಲಮ್ಮ ತನ್ನ ಇಳಕಲ್ ಸೀರೆಯನ್ನೇ ಅಕ್ಕನಿಗೆ ಉಡಿಸಿ ಕಳಿಸಿದ್ದಳು.

ಭಾಷಣ ಬರೆದುಕೊಟ್ಟವರು ರಾಮಚಂದ್ರಪ್ಪ ಮೇಷ್ಟ್ರು. ಅವರದೊಂದು ಪದ್ಧತಿ ಇತ್ತು. ಪ್ರತಿ ಭಾಷಣದಲ್ಲೂ ಒಂದು "ಚಪ್ಪಾಳೆ ಸಾಲು" ಇರಲೇಬೇಕು. ಅದನ್ನು ಕೆಂಪು ಶಾಯಿಯಲ್ಲಿ ಬರೆದು ಪಕ್ಕದಲ್ಲಿ "ಇಲ್ಲಿ ನಿಲ್ಲು" ಎಂದು ಗುರುತು ಹಾಕುವರು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವರು. ಕೆಂಪು ಸಾಲು ಬಂದ ಕೂಡಲೇ ಮೇಷ್ಟ್ರೇ ಮೊದಲ ಚಪ್ಪಾಳೆ ತಟ್ಟುವರು. ಮಿಕ್ಕವರು ಸುಮ್ಮನೆ ಕೂರುವುದಕ್ಕಾಗುತ್ತದೆಯೇ? ಇಡೀ ಸಭೆಯೇ ತಟ್ಟುತ್ತಿತ್ತು.

ವಾಣಿಯ ಕೆಂಪು ಸಾಲು ಹೀಗಿತ್ತು: "ನೀಮಾ ಅಕ್ಕನ ಮೈಬಣ್ಣ ಕಪ್ಪು. ಆದರೆ ಅವರ ಮನಸ್ಸು ಹಾಲಿನಷ್ಟು ಬಿಳುಪು!"

ಎಂಥ ಚಪ್ಪಾಳೆ ಅಂತೀರಿ! ಆರುನೂರು ಜನ ಕತ್ತು ಚಾಚಿ ಮುಂದಿನ ಸಾಲನ್ನು ನೋಡಿದರು. ನೀಮಾ ಅಕ್ಕ ನಕ್ಕಿದ್ದಳು. ಚಪ್ಪಾಳೆ ಮುಗಿದ ಮೇಲೂ ಅವಳ ಮುಖದ ನಗು ಹಾಗೇ ನಿಂತಿತ್ತು. ಈಗ ನೆನಪಿಸಿಕೊಂಡರೆ ವಾಣಿಗೆ ಆ ನಗುವಿನ ಮೇಲೂ ಅನುಮಾನ.

ಮುಂದಿನ ವಾರ ಶನಿವಾರ ಹರಿಹರದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ಇತ್ತು. ದಾವಣಗೆರೆ ಜಿಲ್ಲೆಯಾಗಿ ಒಂದು ವರ್ಷವಾಗಿತ್ತಷ್ಟೆ. ಹೊಸ ಜಿಲ್ಲೆಯ ಬಹುಮಾನದ ಕಪ್ ತಮ್ಮ ಶಾಲೆಗೇ ಬರಬೇಕೆಂದು ಮೇಷ್ಟ್ರ ಆಸೆ. ನೀಮಾ ಅಕ್ಕ ಜೊತೆಗೆ ಬರಬೇಕೆಂದು ವಾಣಿಯ ಆಸೆ. ಆದರೆ ಬಾಗಿಲನ್ನೇ ತೆಗೆಯದವಳು ಹರಿಹರಕ್ಕೆ ಬರುತ್ತಾಳೆಯೇ?

ಯಾರೋ ಅಕ್ಕನ ಕಿವಿ ಊದಿದ್ದಾರೆ. ಯಾರೋ ಅವಳಿಗೆ ಏನೋ ಅಂದಿದ್ದಾರೆ. ವಾಣಿಗೆ ಅನುಮಾನ ಹತ್ತಿದರೆ ಮುಗಿಯಿತು, ತಲೆಗೆ ಬೇರೇನೂ ಹೋಗುವುದಿಲ್ಲ.

ಮೊದಲ ಅನುಮಾನ ಎದುರು ಮನೆಯ ಏಕಾಂತಪ್ಪನವರ ಮೇಲೆ. ಅವರು ಶಾಲಾ ಸಮಿತಿಯ ಅಧ್ಯಕ್ಷರು. ಸ್ಪರ್ಧೆಯ ದಿನ ಮೈಕಿನಲ್ಲಿ, "ದೂರ ದೇಶದಿಂದ ಬಂದ ಈ ಸಹೋದರಿ ನಮ್ಮ ಊರಿನ ಮಗಳು" ಎಂದು ಗಂಟಲು ತುಂಬಿ ಹೇಳಿದ್ದರು. ಮರುದಿನ ಬೆಳಿಗ್ಗೆ ಅಜ್ಜನ ಪಕ್ಕ ಕಟ್ಟೆಯ ಮೇಲೆ ಕೂತು ಅವರು ಅಂದದ್ದೇ ಬೇರೆ.

"ಶಿವಯೋಗಪ್ನೋರೆ, ಬಾಡಿಗೆಗೆ ಬೇರೆ ಯಾರೂ ಸಿಗ್ಲಿಲ್ಲೇನ್ರಿ? ನಮ್ಮ ಮಂದೀನ ನೋಡ್ರಿ. ನಾನೇನು ಕೆಟ್ಟ ಮನಸ್ಸಿನಿಂದ ಹೇಳ್ತಿಲ್ಲ."

ಅಜ್ಜ "ನೋಡೋಣು" ಎಂದು ಎಲೆ ಅಡಿಕೆ ಹಾಕಿಕೊಂಡಿದ್ದ. ಅಜ್ಜ ಹಾಗೆ ಅಂದದ್ದು ವಾಣಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಆ ಮಾತು ಮಹಡಿಗೆ ಕೇಳಿರಬಹುದೇ?

ಎರಡನೇ ಅನುಮಾನ ಸೊಪ್ಪಿನ ಮಾಬೂಬೀ ಮೇಲೆ. ಅವಳು ತಳ್ಳುಗಾಡಿ ನಿಲ್ಲಿಸಿ ಬೀದಿಯಿಂದಲೇ, "ಏ ಕರೆವ್ವಾ! ಮೆಂತೆಸೊಪ್ಪು ಬೇಕೇನೇ?" ಎಂದು ಮಹಡಿಯತ್ತ ಕೂಗುತ್ತಿದ್ದಳು. ಯಾರನ್ನಾದರೂ ಬಣ್ಣ ಹಿಡಿದು ಹಾಗೆ ಕೂಗುತ್ತಾರೆಯೇ? ಇವಳೇ ಇರಬೇಕು! ಮರುದಿನ ವಾಣಿ ಗಾಡಿಗೆ ಅಡ್ಡ ನಿಂತಳು.

"ಮಾಬೂಬಮ್ಮಾ, ನೀಮಾ ಅಕ್ಕನ್ನ ಹಂಗ ಕರೀಬ್ಯಾಡ್ರಿ. ಅವರಿಗೆ ಬೇಜಾರಾಗೈತೆ. ಯಾರ ಜೊತೆಗೂ ಮಾತಾಡ್ತಿಲ್ಲ."

ಮಾಬೂಬೀ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. "ಅರೇ, ಮಾತಾಡ್ತಿಲ್ಲೇನು? ಇವತ್ತು ಮುಂಜಾನೆ ಬಂದು ನನ್ನ ಮೊಣಕಾಲು ಒತ್ತಿ ನೋಡಿ ಹೋತಲ್ಲ! ಮುದುಕೀ, ಬಿಸಿನೀರು ಹಾಕ್ರಿ ಅಂತು."

ವಾಣಿಗೆ ಮುಖಕ್ಕೆ ಹೊಡೆದಂತಾಯಿತು. ಅಂದರೆ ಅಕ್ಕ ಎಲ್ಲರ ಜೊತೆಗೂ ಮುನಿಸಿಕೊಂಡಿಲ್ಲ. ಕರೆವ್ವ ಎಂದು ಕೂಗುವವಳ ಮೊಣಕಾಲು ನೋಡುತ್ತಾಳೆ. ಹಾಲಿನಷ್ಟು ಬಿಳುಪು ಎಂದು ಹೊಗಳಿದವಳಿಗೆ ಬಾಗಿಲು ಹಾಕುತ್ತಾಳೆ. ಇದ್ಯಾವ ನ್ಯಾಯ? ಅವಳಿಗೆ ಅಳುವೂ ಬಂತು, ಹೊಟ್ಟೆಕಿಚ್ಚೂ ಆಯಿತು.

ಭಾನುವಾರ ಮನೆಯಲ್ಲಿ ಬೇರೆ ಗಡಿಬಿಡಿ. ವಾಣಿಯ ಸೋದರತ್ತೆ ರೇಖಾಳನ್ನು ನೋಡಲು ಹರಿಹರದಿಂದ ಗಂಡಿನವರು ಬಂದರು. ಅತ್ತೆಯ ಬಣ್ಣ ಸ್ವಲ್ಪ ಕಪ್ಪು. ವಾರವಿಡೀ ಅವಳ ಮುಖಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ ಬಳಿದು ಮನೆಯವರೆಲ್ಲ ಸುಸ್ತಾಗಿದ್ದರು. ಬಳಿಸಿಕೊಂಡ ಅತ್ತೆಯ ಸುಸ್ತನ್ನು ಯಾರೂ ಕೇಳಲಿಲ್ಲ.

ಅತ್ತೆ ಎಲ್ಲರಿಗೂ ಉಪ್ಪಿಟ್ಟು ಕೊಟ್ಟು ಚಾಪೆಯ ಮೇಲೆ ಕೂತಳು. ಗಂಡಿನ ತಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ತುಂಬಿದ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ಬಣ್ಣ ಒಂದೀಟು ಕಮ್ಮಿ ಐತೆ. ಆದ್ರೇನ್ರಿ, ಗುಣ ಬಂಗಾರ! ನಮಗ ಗುಣ ಸಾಕು."

ಅಜ್ಜನಿಗೆ ಹೋದ ಜೀವ ಬಂದಂತಾಯಿತು. ಅಮ್ಮ ಒಳಗೆ ಸಕ್ಕರೆ ಡಬ್ಬಿ ಹುಡುಕತೊಡಗಿದಳು. ಎಲ್ಲರೂ ನಕ್ಕರು. ರೇಖಾ ಅತ್ತೆಯೂ ನಕ್ಕಳು. ಮಿಕ್ಕವರ ನಗು ಮುಗಿದು ಮಾತು ಬೇರೆ ಕಡೆ ಹೋದರೂ ಅತ್ತೆಯ ನಗು ಹಾಗೇ ನಿಂತಿತ್ತು.

ಈ ನಗುವನ್ನು ವಾಣಿ ಮೊದಲೊಮ್ಮೆ ನೋಡಿದ್ದಳು.

ಗಂಡಿನವರು ಹೋದ ಮೇಲೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ವಾಣಿ ಹತ್ತಿರ ಹೋದಳು.

"ಅತ್ತೆ, ಅವರು ನಿನ್ನ ಹೊಗಳಿದ್ರಲ್ಲ?"

"ಹೂಂ, ಹೊಗಳಿದ್ರು."

"ಮತ್ತೆ ಯಾಕ ಇಲ್ಲಿ ಬಂದು ಕೂತೀಯ?"

ಅತ್ತೆ ಬಳೆ ಬಿಚ್ಚಿ ಕಲ್ಲಿನ ಮೇಲೆ ಇಡುತ್ತಾ ಹೇಳಿದಳು. "ತಪ್ಪು ಮಾಡಿದೋರನ್ನ ಕ್ಷಮಿಸಿದಂಗೆ ಹೇಳಿದ್ರು ನೋಡೇ. ನಾನೇನು ತಪ್ಪು ಮಾಡೀನಿ? ಅಷ್ಟು ಮಂದಿ ಮುಂದೆ ಏನಂತ ಹೇಳ್ಲಿ?"

"ಅವರದು ಕೆಟ್ಟ ಮನಸ್ಸೇನು?"

"ಇಲ್ವೇ. ಪಾಪ, ಒಳ್ಳೆ ಮನಸ್ಸೇ. ಅದಕ್ಕೇ ಅಳೋದಕ್ಕೂ ಬರ್ತಿಲ್ಲ."

ವಾಣಿ ಒಳಗೆ ಓಡಿಹೋಗಿ ಭಾಷಣದ ನೋಟ್‌ಬುಕ್ ತೆಗೆದಳು. ಕೆಂಪು ಸಾಲನ್ನು ಓದಿದಳು. ಮತ್ತೆ ಓದಿದಳು. ಏಕಾಂತಪ್ಪನವರ ಮೇಲೆ ಇದ್ದ ಅನುಮಾನ, ಮಾಬೂಬೀ ಮೇಲೆ ಇದ್ದ ಅನುಮಾನ ಎಲ್ಲ ಬಿಟ್ಟುಹೋಗಿ ಒಂದೇ ಒಂದು ಉಳಿಯಿತು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಅವಳು ಮಹಡಿ ಹತ್ತಿ ಬಾಗಿಲ ಹತ್ತಿರ ಬಾಯಿಟ್ಟು ಕೇಳಿದಳು. "ಅಕ್ಕಾ, ನನ್ನ ಭಾಷಣದಾಗಿನ ಸಾಲು... ಹಾಲಿನಷ್ಟು ಬಿಳುಪು ಅಂತ... ಅದಕ್ಕೇನಾ?"

ಬಾಗಿಲು ತೆರೆಯಿತು. ನೀಮಾ ಅಕ್ಕ ಅವಳನ್ನೇ ನೋಡಿದಳು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನನಗೇ ಅನುಮಾನ ಬಂತು."

"ಕೂಡ್ರಿ."

ವಾಣಿ ಕೂರಲಿಲ್ಲ. ನಿಂತೇ ಹೇಳಿದಳು. "ನಾನು ಕೆಟ್ಟ ಮನಸ್ಸಿನಿಂದ ಹೇಳ್ಲಿಲ್ಲ ಅಕ್ಕಾ." ಹೇಳಿದ ಮೇಲೆ ನೆನಪಾಯಿತು, ಕಟ್ಟೆಯ ಮೇಲೆ ಏಕಾಂತಪ್ಪನವರೂ ಇದನ್ನೇ ಅಂದಿದ್ದರು. ಅವಳಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

"ಗೊತ್ತು," ಎಂದಳು ನೀಮಾ ಅಕ್ಕ. "ನಿಮ್ಮ ಮನಸ್ಸು ನನಗೆ ಗೊತ್ತು. ಅದಕ್ಕೆ ಸಿಟ್ಟು ಇಲ್ಲ. ಸಿಟ್ಟು ಇದ್ರೆ ಈಜಿ. ಕೂಗಬಹುದು. ಎದುರು ಮನೆ ಸಾರ್ ದಿನಾ ಗುಡ್ ಮಾರ್ನಿಂಗ್ ಮೇಡಂ ಅಂತಾರೆ. ನಾನು ಹತ್ತಿರ ಹೋದ್ರೆ ಮೊಮ್ಮಗಳ ಕೈ ಹಿಡಿದು ಒಳಗೆ ಎಳೀತಾರೆ. ಅವರ ಮೇಲೆ ಸಿಟ್ಟು ಐತೆ. ಆದ್ರೆ ಅದು ನೋವಲ್ಲ. ನೀವು... ನೀವು ನನ್ನ ಫ್ರೆಂಡ್."

ವಾಣಿಗೆ ಕೇಳದೆ ಇರಲಾಗಲಿಲ್ಲ. "ಮತ್ತೆ ಮಾಬೂಬಮ್ಮ ಕರೆವ್ವ ಅಂತಾರಲ್ಲ? ಅವರ ಕೂಡ ಮಾತಾಡ್ತೀರಿ!"

"ಮೊದಲ ಸಲ ಅಂದಾಗ ಒಂದು ತಿಂಗಳು ಸೊಪ್ಪು ತಗೊಳ್ಳಲಿಲ್ಲ. ಈಗಲೂ ಆ ಮಾತು ಇಷ್ಟ ಇಲ್ಲ. ಆದ್ರೆ ಅವಳು ಕರೆವ್ವ ಅಂದ್ರೆ ನಾನು ಮುದುಕಿ ಅಂತೀನಿ. ಅವಳು ಒಂದು, ನಾನು ಒಂದು. ನೀವು ಸ್ಟೇಜ್ ಮೇಲೆ, ಮೈಕ್ ಮುಂದೆ. ಎಲ್ಲರೂ ತಿರುಗಿ ನನ್ನ ನೋಡಿದ್ರು. ಚಪ್ಪಾಳೆ! ನಾನು ಏನು ಹೇಳಬೇಕಿತ್ತು? ಥ್ಯಾಂಕ್ಯೂನಾ?"

ವಾಣಿ ಈಗ ಕೂತಳು.

"ನನ್ನ ಅಮ್ಮ ಕಪ್ಪು. ಅಜ್ಜಿ ಕಪ್ಪು. ನನಗೆ ಒಳ್ಳೇದು ಅಂದ್ರೆ ಅವರ ನೆನಪು ಬರ್ತದೆ," ಎಂದಳು ಅಕ್ಕ. "ನನ್ನ ಮನಸ್ಸು ಯಾಕೆ ಬಿಳಿ ಆಗಬೇಕು?"

ವಾಣಿ ಎದ್ದು ನಿಂತು, "ಶನಿವಾರ ಹರಿಹರಕ್ಕೆ ಬರ್ತೀರಾ?" ಎಂದು ಕೇಳಿದಳು.

"ಇಲ್ಲ," ಎಂದಳು ನೀಮಾ ಅಕ್ಕ.

ಮರುದಿನ ವಾಣಿ ಸ್ಟಾಫ್ ರೂಮಿಗೆ ಹೋಗಿ ಕೆಂಪು ಸಾಲನ್ನು ತೆಗೆದುಬಿಡೋಣ ಎಂದಳು. ರಾಮಚಂದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಯಾರು ಹೇಳಿಕೊಟ್ರವ್ವ ನಿನಗ? ಬೇರೆ ಶಾಲೆಯೋರೇನಾರ?"

"ಇಲ್ಲ ಸಾರ್. ನೀಮಾ ಅಕ್ಕಗೆ ನೋವಾಗೈತೆ."

ಮೇಷ್ಟ್ರು ಅಂಗಿಯ ತೋಳು ಮೇಲೇರಿಸಿ ತಮ್ಮ ಮೊಣಕೈ ತೋರಿಸಿದರು. "ನನ್ನ ಬಣ್ಣ ನೋಡು. ನಾನೇನು ಹಂಗಿಸೋದಕ್ಕೆ ಬರೆದೆನೇನು? ಮನಸ್ಸಿನಾಗೆ ಕಪಟ ಇರಬಾರ್ದು, ಅಷ್ಟೇ. ಆ ಸಾಲು ತೆಗೆದ್ರೆ ಭಾಷಣದಾಗೆ ಏನು ಉಳೀತೈತವ್ವ? ಸುಮ್ನೆ ಹೋಗಿ ಪ್ರಾಕ್ಟೀಸ್ ಮಾಡು."

ಮೇಷ್ಟ್ರು ಕೆಟ್ಟವರಲ್ಲ. ತಿಂಗಳಿಂದ ಸಂಜೆ ಮನೆಗೆ ಹೋಗದೆ ಅವಳಿಗೆ ಕಲಿಸಿದ್ದರು. ಗಂಟಲಿಗೆ ಒಳ್ಳೆಯದೆಂದು ಕಲ್ಲುಸಕ್ಕರೆ ತಂದುಕೊಡುತ್ತಿದ್ದರು. ಅವರ ಮಾತು ಮೀರುವುದೂ ಕಷ್ಟ, ಕೇಳುವುದೂ ಕಷ್ಟ. ವಾಣಿ ಐದು ದಿನ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಹರಿಹರದ ಒಂದು ಹೈಸ್ಕೂಲಿನ ಹಾಲ್ ತುಂಬಿ ತುಳುಕುತ್ತಿತ್ತು. ವಾಣಿಯ ನಂಬರ್ ಹದಿನಾಲ್ಕು. ಅವಳಿಗಿಂತ ಮುಂಚೆ ಮಾತಾಡಿದ ಹುಡುಗ ಸೈನಿಕರ ಬಗ್ಗೆ ಗುಡುಗಿ, ಕೊನೆಗೆ ಸೆಲ್ಯೂಟ್ ಹೊಡೆದು ಇಳಿದ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ವಾಣಿ ಮೈಕಿನ ಮುಂದೆ ನಿಂತಳು. "ಮಾನ್ಯ ಅಧ್ಯಕ್ಷರೇ" ಎನ್ನುವುದರಿಂದ ಶುರುಮಾಡಿ ಎಲ್ಲವನ್ನೂ ಒಪ್ಪಿಸಿದಳು. ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಕೆಂಪು ಸಾಲು ಹತ್ತಿರ ಬಂತು. ಮೂರನೇ ಸಾಲಿನಲ್ಲಿ ಮೇಷ್ಟ್ರು ಎರಡು ಕೈಯನ್ನೂ ಎತ್ತಿ ಹಿಡಿದು ಸಿದ್ಧವಾಗಿ ಕೂತಿದ್ದರು.

"ನೀಮಾ ಅಕ್ಕನ..." ಎಂದು ವಾಣಿ ನಿಂತಳು.

ಎಲ್ಲರೂ ಕಾದರು. ಮೇಷ್ಟ್ರ ತುಟಿ ಮುಂದಿನ ಪದ ಹೇಳಿಕೊಡುತ್ತಿತ್ತು. ಆ ಸಾಲು ಹೇಳಿದರೆ ಕಪ್ ಸಿಕ್ಕರೂ ಸಿಗಬಹುದು. ಅಕ್ಕ ಇಲ್ಲಿಲ್ಲ, ಅವಳಿಗೆ ಗೊತ್ತಾಗುವುದೂ ಇಲ್ಲ.

"ನೀಮಾ ಅಕ್ಕನ ಜೊತೆ ಕೇರಂ ಆಡೋದು ಬಹಳ ಕಷ್ಟ," ಎಂದಳು ವಾಣಿ. ಇದು ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. "ಅವರು ಕೇರಂನಲ್ಲಿ ಮೋಸ ಮಾಡ್ತಾರೆ. ಸೋತರೆ ಊಟ ಮಾಡಲ್ಲ. ಅವರ ಅಮ್ಮನ ಕಾಗದ ಬಂದ ದಿನ ಜೋರಾಗಿ ಹಾಡ್ತಾರೆ, ನಮ್ಮ ಅಜ್ಜನಿಗೆ ನಿದ್ದೆ ಬರಲ್ಲ. ನನಗೆ ಅವರು ಇಷ್ಟ. ಅಷ್ಟೇ. ಜೈ ಹಿಂದ್."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಕೈ ಮೆಲ್ಲಗೆ ಕೆಳಗಿಳಿಯಿತು.

ಕಪ್ ಸೈನಿಕರ ಬಗ್ಗೆ ಮಾತಾಡಿದ ಹುಡುಗನಿಗೆ ಹೋಯಿತು. ವಾಣಿಗೆ ಮೂರನೆಯದೂ ಬರಲಿಲ್ಲ. ದಾವಣಗೆರೆ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ವಾಣಿ ಬ್ಯಾಗನ್ನು ಎದೆಗೊತ್ತಿಕೊಂಡು ಕೂತಳು. ಅರ್ಧ ದಾರಿಗೆ ಬಂದ ಮೇಲೆ ಮೇಷ್ಟ್ರು ತಿರುಗಿದರು.

"ನಿಜವಾಗ್ಲೂ ಮೋಸ ಮಾಡ್ತಾಳೇನವ್ವ?"

"ಹೂಂ ಸಾರ್. ಸ್ಟ್ರೈಕರ್‌ನ ಮುಂದೆ ತಳ್ತಾರೆ."

ಮೇಷ್ಟ್ರು ಮತ್ತೆ ಕಿಟಕಿಯತ್ತ ತಿರುಗಿದರು. ಅವರು ನಕ್ಕರೋ ಇಲ್ಲವೋ ವಾಣಿಗೆ ಕಾಣಲಿಲ್ಲ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ನೀಮಾ ಅಕ್ಕ ಮಹಡಿಯ ಕಟಾಂಜನದ ಕಂಬಿ ಹತ್ತಿರ ನಿಂತು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ವಾಣಿ ಮೇಲೆ ಹತ್ತಿದಳು.

"ಪ್ರೈಜ್?" ಎಂದು ಅಕ್ಕ ಕೇಳಿದಳು.

"ಬರ್ಲಿಲ್ಲ. ಆ ಸಾಲು ಹೇಳ್ಲಿಲ್ಲ."

ಅಕ್ಕನ ಕೈ ನಿಂತಿತು. "ಮತ್ತೆ ಏನು ಹೇಳಿದ್ರಿ?"

ವಾಣಿ ಒಂದನ್ನೂ ಬಿಡದೆ ಹೇಳಿದಳು. ನೀಮಾ ಅಕ್ಕನ ಹುಬ್ಬು ಗಂಟಿಕ್ಕಿತು.

"ಎಷ್ಟು ಜನ ಇದ್ರು?"

"ಮುನ್ನೂರು... ನಾನೂರು."

"ಎಲ್ಲರ ಮುಂದೆ ನಾನು ಮೋಸ ಅಂದ್ರಿ. ಎಲ್ಲರೂ ನಕ್ರಾ?"

ಮತ್ತೆ ಅದನ್ನೇ ಮಾಡಿಬಿಟ್ಟೆನೇ? ಈ ಸಲವೂ ಅಕ್ಕನನ್ನು ಒಂದು ಮಾತು ಕೇಳಲಿಲ್ಲವಲ್ಲ! ಅವಳು ಅಕ್ಕನ ಮುಖವನ್ನೇ ನೋಡಿದಳು. ಆ ನಗು ಬರುತ್ತದೆಯೋ ಎಂದು ಉಸಿರು ಹಿಡಿದು ನೋಡಿದಳು.

ನಗು ಬರಲಿಲ್ಲ. ನೀಮಾ ಅಕ್ಕ ಒಣಗಿದ ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡಳು.

"ಸುಳ್ಳು!" ಎಂದು ಅವಳು ಕೂಗಿದ ಸದ್ದಿಗೆ ಕೆಳಗೆ ಅಜ್ಜ ಎದ್ದು ಕೂತ. "ಪೂರ್ತಿ ಸುಳ್ಳು! ಮೋಸ ಯಾರು? ನೀವು! ಕಾಯಿ ಎಣಿಸೋವಾಗ ಕೈಯಲ್ಲಿ ಎರಡು ಮುಚ್ಚಿ ಇಡೋದು ಯಾರು? ಹೇಳ್ರಿ! ಸೋತ್ರೆ ಅಳೋದು ಯಾರು? ಮುಂದೆ ನನ್ನ ಬಗ್ಗೆ ಹೇಳೋ ಮೊದಲು ನನಗೆ ಕೇಳ್ರಿ! ನಡೀರಿ ಕೆಳಗೆ, ಬೋರ್ಡ್ ತೆಗೀರಿ. ನಿಮ್ಮ ಅಜ್ಜಾನೂ ನೋಡಲಿ!"

ಇಷ್ಟು ದಿನ ಕೆಳಮನೆಗೆ ಬಾರದವಳು ಬೈಯುತ್ತಲೇ ಮೆಟ್ಟಿಲು ಇಳಿದಳು. ಎದುರು ಮನೆಯ ಕಿಟಕಿ ತೆರೆಯಿತು. ಹಿತ್ತಲಿನಿಂದ ರೇಖಾ ಅತ್ತೆ ಬಂದು ಬಾಗಿಲಲ್ಲಿ ನಿಂತಳು.

ಕಾಯಿ ಮುಚ್ಚಿಟ್ಟದ್ದು ಒಂದೇ ಸಲ, ಅದೂ ಹೋದ ವರ್ಷ. ವಾಣಿಗೆ ಅದನ್ನು ಹೇಳಬೇಕೆಂದು ನಾಲಿಗೆಯ ತುದಿವರೆಗೆ ಬಂದಿತ್ತು. ಆದರೆ ಅವಳು ಬಾಯಿ ಮುಚ್ಚಿಕೊಂಡು ಅಕ್ಕನ ಹಿಂದೆ ಒಂದೊಂದೇ ಮೆಟ್ಟಿಲು ಇಳಿದಳು. ಅಕ್ಕ ಇನ್ನೂ ಬೈಯುವುದಿತ್ತು.